ಎಂಟನೇ ತಾರೀಖು, ಮೂರನೇ ತಿಂಗಳು

ನಮ್ಮ ಊರಿನ ಗೋಡೆಗಳ ವಿಷಯವನ್ನು ಹೊರಗಿನವರಿಗೆ ಹೇಳುವಾಗ ನಾನು ಯಾವಾಗಲೂ ಕೂಸುಗಳಿಂದ ಶುರು ಮಾಡುತ್ತೇನೆ. ನಿದ್ದೆ ಹೋದ ಕೂಸಿನ ಮುಂದೆ ಕೂತು ತಾಯಿಯೊಬ್ಬಳು ಏನೋ ಹೇಳಿಕೊಂಡಳು ಅನ್ನಿ, ಮನೆಯಲ್ಲಿ ಬೇರೆ ಯಾರೂ ಇಲ್ಲ ಅನ್ನಿ. ಆ ಮಾತು ಯಾರ ಕಿವಿಗೂ ಬೀಳಲಿಲ್ಲವಲ್ಲ, ಅದನ್ನು ಗೋಡೆ ಇಟ್ಟುಕೊಳ್ಳುತ್ತದೆ. ಹತ್ತೋ ಹನ್ನೆರಡೋ ವರ್ಷದ ಮೇಲೆ ಒಂದು ದಿನ, ಆಡಿದ ಹೊತ್ತಿಗೇ ಸರಿಯಾಗಿ, ಆಡಿದ ದನಿಯಲ್ಲೇ ತಿರುಗಿ ಕೊಡುತ್ತದೆ. ಒಂದೇ ಸಲ. ಅಷ್ಟೊತ್ತಿಗೆ ಕೂಸು ಶಾಲೆಗೆ ಹೋಗುವ ಹುಡುಗಿಯಾಗಿರುತ್ತದೆ. ತಾಯಿ ಮಗಳು ಇಬ್ಬರೂ ಕೂತು ಕೇಳುತ್ತಾರೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಲು ನಾಚಿಕೊಂಡು ಎದ್ದು ಹೋಗುತ್ತಾರೆ.

ಯಾರೂ ಕೇಳದ ಮಾತು ಮಾತ್ರ. ಒಬ್ಬರ ಕಿವಿಗೆ ಬಿದ್ದರೂ ಗೋಡೆಗೆ ಅದು ಬೇಡ. ಆದ್ದರಿಂದ ನಮ್ಮಲ್ಲಿ ಬುದ್ಧಿವಂತರು ಒಬ್ಬರೇ ಇದ್ದಾಗ ಬಾಯಿ ಮುಚ್ಚಿಕೊಂಡಿರುತ್ತಾರೆ. ಅತ್ತೆಯನ್ನೋ ಸಾಹೇಬರನ್ನೋ ಬೈಯಬೇಕೆನಿಸಿದರೆ ಕೆರೆಯ ಏರಿಗೆ ಹೋಗಿ ಬೈದು ಬರುತ್ತಾರೆ. ಮನೆ ಬಾಡಿಗೆಗೆ ಕೊಡುವವರು, ಇಂಥ ದಿನ ನಡುಮನೆಯಲ್ಲಿ ನಮ್ಮಜ್ಜ ಅಳುತ್ತಾನೆ, ಹೆದರಬೇಡಿ ಎಂದು ಹೇಳಿಯೇ ಕೀಲಿ ಕೊಡುತ್ತಾರೆ. ಇನ್ನೊಬ್ಬರ ಗೋಡೆಮಾತು ಶುರುವಾದರೆ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳಬೇಕು, ಮುಗಿಯುವ ತನಕ ಬೀದಿಯಲ್ಲಿ ನಿಲ್ಲಬೇಕು, ಬಂದಿತ್ತೆಂದು ಕೂಡ ಯಾರ ಮುಂದೂ ಬಾಯಿ ಬಿಡಬಾರದು. ಮಕ್ಕಳಿಗೆ ನಾವು ಕೈ ತೊಳೆದು ಉಣ್ಣುವುದನ್ನು ಕಲಿಸುವಾಗಲೇ ಇದನ್ನೂ ಕಲಿಸುತ್ತೇವೆ.

ಬೇರೆ ಊರುಗಳಲ್ಲಿ ಗೋಡೆಗೂ ಕಿವಿ ಇದೆ ಎಂಬುದು ಬರೀ ಗಾದೆಯಂತೆ. ನಮ್ಮಲ್ಲಿ ಅದಕ್ಕೊಂದು ಕಚೇರಿ ಇದೆ, ನಾಲ್ಕು ಕಪಾಟು ಇವೆ, ಒಬ್ಬ ಗುಮಾಸ್ತ ಇದ್ದಾನೆ. ಆ ಗುಮಾಸ್ತ ನಾನು, ಸೋಮನಿಂಗಪ್ಪ. ಒಬ್ಬರೇ ಕೂತು ಗೋಡೆಗೆ ಏನಾದರೂ ಹೇಳಿದವರು ನಮ್ಮಲ್ಲಿಗೆ ಬಂದು ತಾರೀಖು, ಹೊತ್ತು, ಯಾವ ಕೋಣೆ, ಯಾರು ಕೇಳಬೇಕು ಎಂಬುದನ್ನು ಬರೆಸಿ ಹೋಗುತ್ತಾರೆ. ಏನು ಹೇಳಿದಿರಿ ಎಂದು ನಾವು ಕೇಳುವ ಹಾಗಿಲ್ಲ. ಆ ಮಾತು ಯಾವ ದಿನ ತಿರುಗಿ ಬರುತ್ತದೆಂದು ಲೆಕ್ಕ ಹಾಕಿ, ಸಂಕ್ರಾಂತಿಯ ಹೊತ್ತಿಗೆ ಆ ವರ್ಷದ ಚೀಟಿಗಳನ್ನು ಮನೆ ಮನೆಗೆ ಮುಟ್ಟಿಸುವುದು ನಮ್ಮ ಕೆಲಸ. ಲೆಕ್ಕ ಸುಲಭದ್ದಲ್ಲ. ಗೋಡೆ ಮಣ್ಣಿನದೋ ಕಲ್ಲಿನದೋ, ಎಷ್ಟು ದಪ್ಪ, ಎಷ್ಟು ಸಲ ಸುಣ್ಣ ಕಂಡಿದೆ, ಎಷ್ಟು ಮಳೆಗಾಲ ನೆನೆದಿದೆ, ಒಂದೊಂದಕ್ಕೂ ಇಷ್ಟಿಷ್ಟು ದಿನ ಕೂಡಬೇಕು, ಕೆಲವಕ್ಕೆ ಕಳೆಯಬೇಕು. ಒಂಬತ್ತು ವರ್ಷಕ್ಕೆ ಕೊಡುವ ಗೋಡೆಯೂ ಇದೆ, ಹದಿಮೂರಕ್ಕೆ ಕೊಡುವುದೂ ಇದೆ. ಎಲ್ಲೋ ಒಂದೊಂದು ಗೋಡೆ ನುಂಗಿಯೇ ಬಿಡುತ್ತದೆ, ಅದಕ್ಕೆ ಯಾರೂ ಏನೂ ಮಾಡಲಾಗದು. ಜನ ತಾವಾಗಿ ಅಂದಾಜು ಕಟ್ಟುವ ಗೋಜಿಗೆ ಹೋಗುವುದಿಲ್ಲ, ಚೀಟಿಯಲ್ಲಿ ಬರೆದದ್ದೇ ವೇದ.

ನಲವತ್ತು ವರ್ಷ ಆ ಲೆಕ್ಕವನ್ನು ನನಗಿಂತ ಮೊದಲಿನ ಹಿರಿಯ ಗುಮಾಸ್ತ ಅಡಿವೆಪ್ಪನವರು ಬೆರಳೆಣಿಸಿ ಮಾಡಿದರು, ಒಂದು ದಿನವೂ ತಪ್ಪಲಿಲ್ಲ. ಅವರ ಕೈಕೆಳಗೆ ಇಪ್ಪತ್ತೆರಡು ವರ್ಷ ಇದ್ದ ನಾನು ಅದನ್ನು ಕಲಿಯಲಿಲ್ಲ. ನನ್ನ ಅಕ್ಷರ ಮುತ್ತು ಪೋಣಿಸಿದ ಹಾಗೆ ಎಂದು ನಾಲ್ಕು ಜನ ಹೊಗಳಿದ್ದೇ ತಲೆಗೇರಿ, ಚೀಟಿ ಬರೆಯುವುದೇ ದೊಡ್ಡ ಕೆಲಸವೆಂದುಕೊಂಡು ಇದ್ದುಬಿಟ್ಟೆ. ಅವರು ತೀರಿಕೊಂಡ ವರ್ಷವೇ ಮೇಲಿನವರು ಒಂದು ಕಂಪ್ಯೂಟರ್ ಕಳಿಸಿದರು. ನಾಲ್ಕು ಸಾವಿರ ಚಿಲ್ಲರೆ ಸಾಲುಗಳನ್ನು ರಿಜಿಸ್ಟರಿನಿಂದ ಎಕ್ಸೆಲ್‌ಗೆ ಏರಿಸಬೇಕು, ಮುಂದಿನ ಲೆಕ್ಕವೆಲ್ಲ ಅದರಲ್ಲೇ ಆಗಬೇಕು ಎಂದು ಆದೇಶ. ನಾನು ಎರಡೇ ಬೆರಳಿನಲ್ಲಿ ಟೈಪು ಮಾಡುವವನು. ಆದರೂ ಮೂರು ತಿಂಗಳು ಕೂತು ಎಲ್ಲವನ್ನೂ ನಾನೇ ಏರಿಸಿದೆ.

ಆ ಸಾಲುಗಳಲ್ಲಿ ಒಂದು ಕಾಶವ್ವನದು. ವಿದ್ಯಾರ್ಥಿನಿಲಯದ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಹೆಂಗಸು. ಆಕೆಯ ಗಂಡ ಗದಿಗೆಪ್ಪ ಬಡಗಿ, ಮಾತು ಬಹಳ ಕಡಿಮೆ. ಹದಿನಾಲ್ಕು ವರ್ಷ ಸಂಸಾರ ಮಾಡಿದರೂ ಒಂದು ಸಲಕ್ಕೆ ನಾಲ್ಕು ಮಾತು ಕೂಡಿಸಿ ಆಡಿದವನಲ್ಲ. ಹನ್ನೊಂದು ವರ್ಷದ ಹಿಂದೆ ಅವನಿಗೆ ಜ್ವರ ತಲೆಗೇರಿದ ದಿನ ಕಾಶವ್ವ ಡಾಕ್ಟರನ್ನು ಕರೆಯಲು ಓಡಿದಳು. ಆಕೆ ತಿರುಗಿ ಬರುವಷ್ಟರಲ್ಲಿ ಅವನ ಜೀವ ಹೋಗಿತ್ತು. ಹತ್ತಿರ ಇದ್ದವಳು ಅವನ ತಾಯಿ ಒಬ್ಬಳೇ, ಆಕೆಗೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಮುದುಕಿ ಅರ್ಜಿ ಬರೆಸುವ ದಿನ ಸೊಸೆಯ ಸಂಗಡ ಕಚೇರಿಗೆ ಬಂದು ನನ್ನೆದುರಿಗೇ ಹೇಳಿದಳು: "ಭಾಳ ಹೊತ್ತು ಮಾತಾಡಿದ್ನಪ್ಪಾ. ಬಾಗಲ ಕಡೆ ನೋಡಕೋತ, ಇಕೀನ್ನ ಕರದು ಕರದು ಮಾತಾಡಿದ. ನಂಗ ಬಾಯಿ ಆಡೂದಷ್ಟ ಕಾಣತಿತ್ತು." ಮಾರ್ಚ್ ಎಂಟನೇ ತಾರೀಖು, ಮಧ್ಯಾಹ್ನ ಮೂರು ಗಂಟೆ, ಮುಂದಿನ ಕೋಣೆ, ಕೇಳುವವರು ಹೆಂಡತಿ ಎಂದು ನನ್ನ ಮುತ್ತಿನಂಥ ಅಕ್ಷರದಲ್ಲೇ ಬರೆದುಕೊಂಡೆ.

ಆಮೇಲೆ ಮುದುಕಿಯೂ ಸತ್ತಳು. ಮಕ್ಕಳಿಲ್ಲದ ಕಾಶವ್ವ ಮುಂದಿನ ಕೋಣೆಯನ್ನು ಬಾಡಿಗೆಗೆ ಕೊಟ್ಟು ಹಿಂದಿನ ಅಡುಗೆಮನೆಯಲ್ಲಿ ಇರತೊಡಗಿದಳು. ಪ್ರತಿ ವರ್ಷ ಸಂಕ್ರಾಂತಿಯ ಮುಂಚೆ ಕಚೇರಿಗೆ ಬಂದು, "ಈ ವರ್ಷ ನಂದು ಏನರ ಐತೇನ್ರಿ ಸಾಹೇಬ್ರ?" ಎಂದು ಕೇಳುತ್ತಿದ್ದಳು. ಇಲ್ಲವೆಂದರೆ ತಲೆಯಾಡಿಸಿ ಹೋಗುತ್ತಿದ್ದಳು. ಒಮ್ಮೆ ಮಾತ್ರ ನಿಂತು, "ಹದಿನಾಕ ವರ್ಷದಾಗ ಆಡದವ ಅವತ್ತ ಏನ್ ಆಡ್ಯಾನು ಅಂತ ತಿಳಕೊಳ್ಳಾಕರ ನಾ ಬದಕಬೇಕ್ರಿ" ಎಂದಿದ್ದಳು.

ಸಾಲುಗಳನ್ನು ಏರಿಸಿದ್ದೇನೋ ಆಯಿತು, ಲೆಕ್ಕ ಮಾಡಿಸುವುದು ಹೇಗೆ? ಅಡಿವೆಪ್ಪನವರ ನಿಯಮಗಳೆಲ್ಲ ಒಂದು ನೋಟ್‌ಬುಕ್ಕಿನಲ್ಲಿದ್ದವು. ಅದನ್ನು ತೆಗೆದುಕೊಂಡು ಬಸ್ ನಿಲ್ದಾಣದ ಎದುರು ಝೆರಾಕ್ಸ್ ಅಂಗಡಿ ಇಟ್ಟಿರುವ ತಬಸ್ಸುಮ್ ಬಳಿ ಹೋದೆ. ಎಕ್ಸೆಲ್ ವಿಷಯದಲ್ಲಿ ಆಕೆಯನ್ನು ಮೀರಿಸುವವರು ನಮ್ಮಲ್ಲಿಲ್ಲ. ಹಾಲಿನ ಡೇರಿಯವರು, ಶಾಲೆಯ ಹೆಡ್‌ಮಾಸ್ತರು ಎಲ್ಲರೂ ಅಲ್ಲಿಗೇ ಬರುವುದು. ಮಗಳ ವಯಸ್ಸಿನವಳ ಹತ್ತಿರ ಕಲಿಯುವುದೆಂದರೆ ನನಗೆ ಒಳಗೊಳಗೇ ಮುಜುಗರ. ಆಕೆ ಅದನ್ನು ಕಂಡೂ ಕಾಣದ ಹಾಗೆ ಸ್ಟೂಲು ಸರಿಸಿದಳು. ನೋಟ್‌ಬುಕ್ ಓದಿ, "ಭಾರೀ ತಲೀ ಬಿಡ್ರಿ ಈ ಅಜ್ಜಂದು" ಎಂದಳು. ಆಮೇಲೆ, "ಕಾಕಾ, ಖರೇ ಸಾಲು ಒಂದ ಐವತ್ತ ಕೊಡ್ರಿ. ನಾ ಅದರ ಮ್ಯಾಲೆ ನಡಿಸಿ ನೋಡಬೇಕು."

"ಅದು ಆಗಂಗಿಲ್ಲವಾ. ಯಾರ ಮನಿ ಮಾತು ಯಾವಾಗ ಬರತೈತಿ ಅನ್ನೂದು ಹೊರಗ ಹೋಗೂ ಹಂಗಿಲ್ಲ."

"ಹೆಸರು ಅಳಿಸಿ ಕೊಡ್ರಿ."

"ಹೆಸರು ಅಳಿಸಿದ್ರ ಏನಾತು, ಗೋಡಿ ದಪ್ಪ ನೋಡಿದ್ರ ಯಾರ ಮನಿ ಅಂತ ಅರ್ಧ ಊರು ಹೇಳತೈತಿ."

ಆಕೆ ನಕ್ಕಳು. "ಹಂಗಾರ ಸುಳ್ಳ ಸುಳ್ಳ ಹತ್ತ ಸಾಲು ಬರದು ತರ್ರಿ. ಆದ್ರ ಖರೇವು ಹೆಂಗದಾವೋ ಹಂಗ ಇರಬೇಕು ನೋಡ್ರಿ."

ಅಂದು ಸಂಜೆ ಕಚೇರಿಯಲ್ಲಿ ಕೂತು ಹತ್ತು ಸುಳ್ಳು ಸಾಲು ಹುಟ್ಟಿಸಿದೆ. ಗೋಡೆಯ ದಪ್ಪ, ಸುಣ್ಣ, ಮಳೆ ಎಲ್ಲ ಯೋಚಿಸಿ ಬೇರೆ ಬೇರೆ ಹಾಕಿದೆ. ತಾರೀಖಿಗೆ ಬಂದಾಗ ಬೇಸರವಾಗಿ, ಹದಿನೈದು, ಹದಿನಾರು, ಹದಿನೇಳು ಎಂದು ಇಪ್ಪತ್ನಾಲ್ಕರ ತನಕ ಸಾಲಾಗಿ ಬರೆದುಬಿಟ್ಟೆ. ತಬಸ್ಸುಮ್ ವಾರದಲ್ಲಿ ಫಾರ್ಮುಲಾ ಕಟ್ಟಿದಳು, ಗುಂಡಿ ಒತ್ತಿದರೆ ಲೆಕ್ಕ ಮಾಡಿ ಚೀಟಿ ಅಚ್ಚು ಹಾಕುವ ಮ್ಯಾಕ್ರೋ ಒಂದನ್ನೂ ಬರೆದಳು. ನೋಟ್‌ಬುಕ್ಕಿನ ಪ್ರಕಾರ ಕೈಯಲ್ಲಿ ಲೆಕ್ಕ ಹಾಕಿ ತಾಳೆ ನೋಡಿದೆವು, ಹತ್ತಕ್ಕೆ ಹತ್ತೂ ಸರಿ. "ಖರೇವುಕ್ಕ ನಡಿಸಿದಾಗ ಏನರ ವಿಚಿತ್ರ ಕಂಡ್ರ ಹೇಳ್ರಿ" ಎಂದು ಪೆನ್‌ಡ್ರೈವ್ ಕೊಟ್ಟಳು.

ವಿಚಿತ್ರ ಕಂಡಿತ್ತು. ನಾನು ಏರಿಸಿದ್ದ ತಾರೀಖಿನ ಕಾಲಂನಲ್ಲಿ ಕೆಲವು ತಾರೀಖು ಎಡಕ್ಕೆ ಅಂಟಿಕೊಂಡಿದ್ದವು, ಕೆಲವು ಬಲಕ್ಕೆ. ನೋಡಲು ಸೊಟ್ಟ. ಅಕ್ಷರ ಚಂದವಿರಬೇಕೆಂದು ಜೀವಮಾನ ಕಳೆದವನಿಗೆ ಅದು ಕಣ್ಣಿಗೆ ಚುಚ್ಚದೆ ಇರುತ್ತದೆಯೇ? ಇಡೀ ಕಾಲಂ ಹಿಡಿದು ಎಲ್ಲವನ್ನೂ ನಡುವಿಗೆ ತಂದು ನಿಲ್ಲಿಸಿದೆ. ಸಾಲು ಓರಣವಾಯಿತು. ತಬಸ್ಸುಮ್‌ಗೆ ಇಂಥದ್ದನ್ನೆಲ್ಲ ಏನು ಹೇಳುವುದು ಎಂದು ಸುಮ್ಮನಾದೆ.

ಸಂಕ್ರಾಂತಿಗೆ ಮುನ್ನೂರ ಹನ್ನೊಂದು ಚೀಟಿ ಅಚ್ಚಾದವು. ಕಾಶವ್ವನದೂ ಇತ್ತು. ಆಗಸ್ಟ್ ಇಪ್ಪತ್ತೆಂಟು, ಮಧ್ಯಾಹ್ನ ಮೂರು ಗಂಟೆ. ಅದನ್ನು ಹಂಚುವವನ ಕೈಗೆ ಕೊಡದೆ ನಾನೇ ವಿದ್ಯಾರ್ಥಿನಿಲಯಕ್ಕೆ ಒಯ್ದೆ. ಆಕೆ ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡು ಚೀಟಿಯನ್ನು ಕಣ್ಣಿಗೆ ಒತ್ತಿಕೊಂಡಳು. "ಇನ್ನೊಮ್ಮೆ ಓದ್ರಿ" ಎಂದು ಮೂರು ಸಲ ಓದಿಸಿದಳು. ಆಗಸ್ಟ್ ತಿಂಗಳ ರಜೆಯನ್ನು ಜನವರಿಯಲ್ಲೇ ಕೇಳಿದಳೆಂದು ಅಲ್ಲಿಯ ಹುಡುಗಿಯರು ಆಮೇಲೆ ನಗಾಡಿದರಂತೆ.

ಫೆಬ್ರುವರಿಯಿಂದಲೇ ಕೆಲವರು ಬಂದು, ಚೀಟಿಯ ದಿನ ಕಾದು ಕೂತೆವು, ಏನೂ ಬರಲಿಲ್ಲ ಎನ್ನತೊಡಗಿದರು. ಗೋಡೆ ನುಂಗಿರಬೇಕು ಎಂದು ಸಮಾಧಾನ ಹೇಳಿ ಕಳಿಸಿದೆ. ಕಂಪ್ಯೂಟರ್ ಮಾಡಿದ ಲೆಕ್ಕ, ತಪ್ಪಿದ್ದರೆ ಗೋಡೆಯದೇ ತಪ್ಪಿರಬೇಕು ಎಂಬುದು ನನ್ನ ವಾದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಗೋಡೆ ಡೊಂಕು ಅಂದೆ.

ಆಗಸ್ಟ್ ಹದಿನಾಲ್ಕಕ್ಕೆ ಬಟ್ಟೆ ಅಂಗಡಿಯ ಚನ್ನಮಲ್ಲಪ್ಪ ಕೈಯಲ್ಲಿ ಚೀಟಿ ಹಿಡಿದು ಕೂಗುತ್ತಾ ಬಂದ. ಹನ್ನೊಂದು ವರ್ಷದ ಹಿಂದೆ ಒಂದು ದಿನ ಒಬ್ಬನೇ ಕೂತು ಬೀಗರನ್ನು ಬೈದುಕೊಂಡಿದ್ದನಂತೆ. ಅದು ಬರುವ ದಿನ ಮನೆಯಲ್ಲಿ ಯಾರೂ ಇರಬಾರದೆಂದೇ ಬರೆಸಿದ್ದ. ಚೀಟಿಯಲ್ಲಿದ್ದದ್ದು ಏಪ್ರಿಲ್ ಇಪ್ಪತ್ತು, ಅವತ್ತು ಮನೆ ಖಾಲಿ ಮಾಡಿಸಿ ಕಾದ, ಬರಲಿಲ್ಲ. ಈಗ ಅದೇ ಬೀಗರು ಎಲೆಯ ಮುಂದೆ ಕೂತಿದ್ದಾಗ ಗೋಡೆ ಬಾಯಿಬಿಟ್ಟಿತ್ತು. "ಕುಂತ್ರ ಏಳಂಗಿಲ್ಲ, ಎದ್ರ ತೇಗು ನಿಂದರಂಗಿಲ್ಲ ಅಂತ ನನ್ನ ದನೀಲೆ ಅಂತಿತ್ತಲೋ ಸೋಮನಿಂಗಪ್ಪಾ! ಹೋಳಿಗಿ ಕೈಯಾಗ ಹಿಡಕೊಂಡ ಎದ್ದು ಹೋದ್ರು!" ಕಚೇರಿಯಲ್ಲಿದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಆಮೇಲೆ ರಿಜಿಸ್ಟರ್ ತೆಗೆದು ನೋಡಿದೆ. ಅವನು ಬೈದದ್ದು ಜೂನ್ ಎರಡು. ಅಡಿವೆಪ್ಪನವರ ನೋಟ್‌ಬುಕ್ ಮುಂದಿಟ್ಟುಕೊಂಡು ಕೈಯಲ್ಲಿ ಕೂಡಿದರೆ ಸರಿಯಾಗಿ ಆಗಸ್ಟ್ ಹದಿನಾಲ್ಕು ಬಂತು. ನಗು ನಿಂತುಹೋಯಿತು.

ನಿಯಮ ಗಿಯಮ ಬದಿಗಿಟ್ಟು ತಬಸ್ಸುಮ್‌ಳನ್ನು ಕಚೇರಿಗೇ ಕರೆತಂದು ಖರೆ ಸಾಲುಗಳನ್ನು ತೋರಿಸಿದೆ. ನಾನು ನಡುವಿಗೆ ನಿಲ್ಲಿಸಿದ್ದ ಕಾಲಂ ಅನ್ನು ಆಕೆ ಮೊದಲಿನಂತೆ ಬಿಟ್ಟಳು. ತಾರೀಖುಗಳು ಮತ್ತೆ ಎಡಕ್ಕೆ ಬಲಕ್ಕೆ ಚದುರಿದವು. ಆಕೆ ಹಣೆ ಹಿಡಿದುಕೊಂಡಳು.

"ಕಾಕಾ, ಈ ಕಂಪ್ಯೂಟರ್ ತಿಂಗಳಾ ಮೊದಲ ಓದತೈತಿ, ದಿನಾ ಆಮ್ಯಾಲೆ. ನೀವು ಎರಡು, ಆರು ಅಂತ ಬರದ್ರ ಅದು ಎರಡನೇ ತಿಂಗಳು, ಆರನೇ ತಾರೀಖು ಅಂತ ತಿಳಕೊಂಡು ಬಲಕ್ಕ ನಿಲ್ಲಿಸೇತಿ. ಹದಿನೈದು ಅಂತ ಬರದ್ರ ಹದಿನೈದನೇ ತಿಂಗಳು ಎಲ್ಲೈತಿ? ಅದಕ್ಕ ತಿಳೀದ ಬರೇ ಅಕ್ಷರ ಅಂತ ಎಡಕ್ಕ ಬಿಟ್ಟೈತಿ. ನೀವು ಕೊಟ್ಟ ಹತ್ತೂ ಸಾಲು ಎಡಕ್ಕಿದ್ದುವು. ನನ್ನ ಮ್ಯಾಕ್ರೋ ಎಡಕ್ಕಿದ್ದುವನ್ನ ಸರಿ ಮಾಡತೈತಿ, ಬಲಕ್ಕಿದ್ದುವನ್ನ ಸರಿ ಅದಾವ ಅಂತ ಬಿಡತೈತಿ." ಕಂಪ್ಯೂಟರಿನಿಂದ ಕೈ ತೆಗೆದು, "ಒಂದ, ಒಂದ ಖರೇ ಸಾಲು ಕೊಟ್ಟಿದ್ರ ಆಗತಿತ್ತು" ಎಂದಳು. ಆಕೆಯ ಕಣ್ಣಲ್ಲಿ ನೀರು ಬಂದಿತ್ತು. ನನ್ನದೇ ತಪ್ಪು, ನಿನ್ನದೇನೂ ಇಲ್ಲ ಎಂದು ಹೇಳಿದೆ. ಹೇಳಿದ್ದರಿಂದ ಇಬ್ಬರಿಗೂ ಏನೂ ಹಗುರವಾಗಲಿಲ್ಲ.

ನೂರಾ ಹನ್ನೆರಡು ಚೀಟಿ ತಪ್ಪಿದ್ದವು. ಇನ್ನೂ ಬರಬೇಕಾದವುಗಳನ್ನು ಬದಲಾಯಿಸಿ ಕೊಟ್ಟೆವು. ಬಂದು ಹೋದವು ನಲವತ್ತೊಂದು. ಎಂಟನೇ ತಾರೀಖು, ಮೂರನೇ ತಿಂಗಳು ಎಂದು ನಾನು ಬರೆದದ್ದನ್ನು ಅದು ಎಂಟನೇ ತಿಂಗಳ ಮೂರನೇ ತಾರೀಖು ಎಂದು ಓದಿತ್ತು. ಗದಿಗೆಪ್ಪನ ಮಾತು ಏಪ್ರಿಲ್ ಎರಡಕ್ಕೇ ಬಂದು ಹೋಗಿತ್ತು.

ಒಂದೊಂದೇ ಮನೆಗೆ ನಡೆದು ಹೋಗಿ ಹೇಳಿದೆ. ಕೆಲವರು ಬೈದರು, ಕೆಲವರು ಬಂದಾಗ ಹೇಗೂ ಮನೆಯಲ್ಲೇ ಇದ್ದೆವು ಎಂದರು, ಒಬ್ಬಾತ ಚಹಾ ಕೊಟ್ಟ. ಕಾಶವ್ವನ ಮನೆಯನ್ನು ಕೊನೆಗೆ ಉಳಿಸಿಕೊಂಡೆ. ಅದು ಹೇಡಿತನ, ಬೇರೆ ಹೆಸರಿಲ್ಲ. ಗೋಡೆ ನುಂಗಿದೆ ಎಂದು ಹೇಳಿಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ ಎಂದು ದಾರಿಯಲ್ಲಿ ಹತ್ತು ಸಲ ಯೋಚಿಸಿದೆ. ಹಾಗೆ ಯೋಚಿಸುತ್ತಲೇ ಆಗಸ್ಟ್ ಇಪ್ಪತ್ತೇಳರ ಮಧ್ಯಾಹ್ನ ಆಕೆಯ ಬಾಗಿಲಿಗೆ ಬಂದಿದ್ದೆ.

ಮುಂದಿನ ಕೋಣೆ ಖಾಲಿಯಾಗಿತ್ತು. ಬಾಡಿಗೆಗಿದ್ದ ಬಸ್ ಕಂಡಕ್ಟರ್ ಯಮನೂರಪ್ಪ ತನ್ನ ಮಂಚ, ಟ್ರಂಕು ಎಲ್ಲವನ್ನೂ ಕಟ್ಟೆಯ ಮೇಲಿಟ್ಟುಕೊಂಡು ಕೂತಿದ್ದ. ಕಾಶವ್ವ ನೆಲ ಸಾರಿಸಿ ಮುಗಿಸಿ ಕೈ ತೊಳೆಯುತ್ತಿದ್ದಳು. "ಬರ್ರಿ ಸಾಹೇಬ್ರ. ನಾಳೆಗೆ ಎಲ್ಲಾ ತಯಾರ ಮಾಡೀನಿ. ಆಜೂಬಾಜೂದವರಿಗೂ ಹೇಳೀನಿ, ಮೂರರಿಂದ ನಾಕರ ತನಕ ಟಿವಿ ಹಚ್ಚಬ್ಯಾಡ್ರಿ ಅಂತ."

"ಕಾಶವ್ವಾ, ನಾಳೆ ಬರಂಗಿಲ್ಲವಾ."

"ಮುಂದಕ್ಕ ಹೋತೇನ್ರಿ?"

ಆಗಲೂ ನುಂಗಿದೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಸಾರಿಸಿದ ನೆಲ ಇನ್ನೂ ಒದ್ದೆ ಇತ್ತು. ಸುಳ್ಳು ಬರಲಿಲ್ಲ. "ಬಂದು ಹೋಗೇತಿ. ಏಪ್ರಿಲ್ ಎರಡಕ್ಕ. ನಾ ಲೆಕ್ಕ ತಪ್ಪಿಸೀನಿ" ಎಂದು, ತಿಂಗಳು ದಿನ ಹಿಂದುಮುಂದಾದದ್ದನ್ನೆಲ್ಲ ಹೇಳಿದೆ. ಆಕೆ ಅರ್ಥವಾದ ಹಾಗೆ ತಲೆಯಾಡಿಸುತ್ತಾ ಕೇಳಿದಳು. "ಅವತ್ತ ನಾ ಕೆಲಸಕ್ಕ ಹೋಗಿದ್ನಿ" ಎಂದಷ್ಟೇ ಅಂದಳು.

ಕಟ್ಟೆಯ ಮೇಲಿದ್ದ ಯಮನೂರಪ್ಪ ಎದ್ದು ನಿಂತಿದ್ದ. "ಅಕ್ಕಾರ, ಅವತ್ತ ನಂದು ರಜಾ ಇತ್ತು. ನಾ ಒಳಗ ಮಲಗಿದ್ನಿ. ಗಂಡಸಿನ ದನಿ ಬಂತು. ಕಾಶೀ ಅಂತು. ನಾ ದಡಬಡ ಎದ್ದು ಹೊರಗ ಬಂದು ಬಾಗಲಾ ಎಳಕೊಂಡೆ. ಹಂಗ ಮಾಡಬೇಕಲ್ರಿ? ರಸ್ತೇದಾಗ ನಿಂತೆ. ಮೂರೂ ಹತ್ತರ ಬಸ್ ಹೋತು, ಮೂರೂ ಇಪ್ಪತ್ತೈದರದ್ದೂ ಹೋತು, ಒಳಗ ದನಿ ನಡದ ಇತ್ತು. ನಿಮ್ಮದು ಆಗಸ್ಟಿಗೆ ಅಂತ ಗೊತ್ತಿತ್ತು, ಇದು ಬ್ಯಾರೆ ಯಾವುದೋ ಅನ್ಕೊಂಡೆ. ಬಂದಿತ್ತು ಅಂತ ಹೇಳಬಾರದಲ್ರಿ, ಅದಕ್ಕ ಹೇಳಲಿಲ್ಲ."

"ಸಿಟ್ಟಿನ ದನಿ ಇತ್ತೇನು?"

"ಕಾಶೀ ಅಂದದ್ದಷ್ಟ ಕೇಳೀನಿ ಅಕ್ಕಾರ."

"ಅದನ್ನ ಹೆಂಗ ಅಂದ? ಅಂದು ತೋರಿಸಪಾ."

ಯಮನೂರಪ್ಪ ನನ್ನ ಮುಖ ನೋಡಿದ. ಆಮೇಲೆ "ಕಾಶೀ" ಎಂದ. ದಿನವೂ ನಿಲ್ದಾಣದ ಹೆಸರು ಕೂಗುವ ಗಂಟಲು ಅವನದು. ಆಕೆ ಕಣ್ಣು ಮುಚ್ಚಿ ಕೇಳಿ, ಹಂಗಲ್ಲ ಎಂದು ತಲೆಯಾಡಿಸಿದಳು. ಅವನು ಮೆಲ್ಲಗೆ ಇನ್ನೊಮ್ಮೆ ಅಂದ. ಹಂಗಲ್ಲ. ಮೂರನೆಯ ಸಲಕ್ಕೆ ಅವನಿಗೇ ಅಳು ಬಂದು ಮಾತು ನಿಂತಿತು. ನಾನು ನನ್ನ ಜೀವಮಾನದಲ್ಲಿ ಅಷ್ಟು ಸಣ್ಣವನಾಗಿ ಎಲ್ಲೂ ನಿಂತಿಲ್ಲ.

ಕಾಶವ್ವ ನನ್ನ ಕಡೆ ತಿರುಗಿದಳು. "ಯಾಕ ಹೇಳಿದ್ರಿ? ಗೋಡಿ ನುಂಗೇತಿ ಅಂದಿದ್ರ ನಾ ನಂಬತಿದ್ನಿ." ಆಕೆ ಸೆರಗು ಸರಿಮಾಡಿಕೊಂಡು, "ಇಬ್ಬರೂ ಹೊರಗ ಹೋಗ್ರಿ. ದೂರ ಹೋಗ್ರಿ, ಆ ಬಸ್ ನಿಲ್ಲೂ ಜಾಗಾದ ತನಕ" ಎಂದಳು. ಒಳಗಿನಿಂದ ಬಾಗಿಲು ಹಾಕಿಕೊಂಡಳು.

ನಾವು ಹೋಗಿ ನಿಂತೆವು. ಅಲ್ಲಿಗೆ ಏನೂ ಕೇಳಿಸುತ್ತಿರಲಿಲ್ಲ. ಹತ್ತಿರ ಹೋಗಿ ಬಾಗಿಲಿಗೆ ಕಿವಿಗೊಡಬೇಕೆಂಬ ಆಸೆ ನನಗೆ ಬಂದದ್ದು ಸುಳ್ಳಲ್ಲ, ಹೋಗಲಿಲ್ಲ. ಒಂದು ಬಸ್ ಬಂದು ಹೋಯಿತು, ಇನ್ನೊಂದೂ ಹೋಯಿತು. ಯಮನೂರಪ್ಪ ಎರಡೂ ಬಸ್ಸಿನ ಕಡೆ ತಲೆಯೆತ್ತಿ ನೋಡಲಿಲ್ಲ. ಬಾಗಿಲು ತೆರೆದು ಕಾಶವ್ವ ಕೈ ಮಾಡಿ ಕರೆದಳು. ಮುಖ ತೊಳೆದುಕೊಂಡಿದ್ದಳು.

"ಅರ್ಜಿ ಬರಕೋರಿ" ಎಂದಳು.

ಚೀಲದಲ್ಲಿದ್ದ ಫಾರಂ ತೆಗೆದು ಕಟ್ಟೆಯ ಮೇಲೆ ಕೂತೆ. ಅಕ್ಷರ ಸೊಟ್ಟಗಾಯಿತು. "ಇಪ್ಪತ್ತೇಳು" ಎಂದು ಬರೆಯುವಾಗ ಆಕೆ ಬಗ್ಗಿ ನೋಡಿದಳು. "ತಿಂಗಳಾ ಅಂಕಿಯೊಳಗ ಬ್ಯಾಡ್ರಿ. ಅಕ್ಷರದಾಗ ಬರೀರಿ." ಆಗಸ್ಟ್ ಎಂದು ಅಕ್ಷರದಲ್ಲಿ ಬರೆದೆ. ಮುಂದಿನ ಕೋಣೆ, ಮೂರೂವರೆ ಗಂಟೆ.

"ಕೇಳೋರು ಯಾರವಾ?"

"ನೀವು."

ಪೆನ್ನು ನಿಂತಿತು. ಇಪ್ಪತ್ಮೂರು ವರ್ಷದ ನೌಕರಿಯಲ್ಲಿ ಯಾರನ್ನೂ ಕೇಳದಿದ್ದದ್ದನ್ನು ಆಗ ಕೇಳಿದೆ. "ನನ್ನ ಬೈದೀಯೇನವಾ?"

ಆಕೆ ಫಾರಮಿನ ಖಾಲಿ ಸಾಲಿನ ಮೇಲೆ ಬೆರಳಿಟ್ಟಳು. ಆ ಗೋಡೆಯ ದಪ್ಪ, ಅದು ಕಂಡ ಸುಣ್ಣ, ನೆನೆದ ಮಳೆ ಎಲ್ಲ ನನಗೆ ಬಾಯಿಪಾಠವಾಗಿತ್ತು. ಹನ್ನೊಂದು ವರ್ಷ ಆಗುತ್ತದೆ. ನನಗೀಗ ಐವತ್ತೇಳು, ಸಕ್ಕರೆ ಕಾಯಿಲೆ ಇದೆ. ಕೇಳುವವರ ಹೆಸರಿನ ಮುಂದೆ ಸೋಮನಿಂಗಪ್ಪ ಎಂದು ಬರೆದು ಫಾರಂ ಮುಂದೆ ಹಿಡಿದೆ. ಆಕೆ ಕೂಡಿಸಿ ಕೂಡಿಸಿ ಸಹಿ ಮಾಡಿದಳು.

"ಅಲ್ಲೀ ತನಕ ಬದುಕಿರ್ರಿ ಸಾಹೇಬ್ರ" ಎಂದಳು.